ದನಿ ಕೇಳಿಸೋದು ನಿಂತಿದೆ, ಆದರೆ ಅಣ್ಣ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಮುಂದೇನು?

ಸಾಗರದ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ 34 ವರ್ಷ. ಸ್ಕಿಜೋಫ್ರೀನಿಯಾ ಅಂತ ಗೊತ್ತಾಗಿ ಬಹಳ ಕಾಲ ಆಯ್ತು. ಈಗ ಮಾತ್ರೆ ತಪ್ಪಿಸೋದಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಹೆಚ್ಚುಕಮ್ಮಿ ನಿಂತಿವೆ, ಊಟಕ್ಕೆ ಯಾರೋ ಏನೋ ಹಾಕುತ್ತಾರೆ ಅನ್ನೋ ಅನುಮಾನವೂ ಹೋಗಿದೆ. ಡಾಕ್ಟರು "ಚೆನ್ನಾಗಿದ್ದಾನೆ, ಇದನ್ನೇ ಮುಂದುವರಿಸಿ" ಅಂತ ಚೀಟಿ ಬರೆದುಕೊಡುತ್ತಾರೆ.

ಮನೆಯಲ್ಲಿ ನೋಡಿದರೆ ಹನ್ನೊಂದು ಗಂಟೆಗೆ ಏಳುತ್ತಾನೆ, ತಿಂಡಿ ತಿಂದು ಮತ್ತೆ ಮಲಗುತ್ತಾನೆ. ಸ್ನಾನ ಮಾಡು ಅಂತ ಹತ್ತು ಸಲ ಹೇಳಬೇಕು. ಐಟಿಐ ಎಲೆಕ್ಟ್ರಿಷಿಯನ್ ಓದಿದವನು. ಮೊದಲು ಊರಲ್ಲಿ ಯಾರ ತೋಟದ ಪಂಪ್‌ಸೆಟ್ ಕೆಟ್ಟರೂ ಇವನನ್ನೇ ಕರೆಯುತ್ತಿದ್ದರು. ಅಪ್ಪಯ್ಯನಿಗೆ ಇವನು ಮಲಗಿದ್ದು ಕಂಡರೆ ಮೈಯೆಲ್ಲ ಉರಿ. "ತಿಂದು ಮಲಗೋಕೆ ಇವನಿಗೆ ಕಾಯಿಲೆ ಒಂದು ನೆಪ" ಅಂತಾರೆ. ಅಮ್ಮ ಅವನ ಬಟ್ಟೆ ಒಗೆದು, ತಟ್ಟೆ ಹಾಸಿಗೆಗೇ ತಂದುಕೊಟ್ಟು, ಚಿಕ್ಕ ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಬೆಂಗಳೂರಿನ ಯಾವುದಾದರೂ ಪುನರ್ವಸತಿ ಕೇಂದ್ರಕ್ಕೆ ಸೇರಿಸೋದು ಒಳ್ಳೆಯದೋ, ಮನೆಯಲ್ಲಿದ್ದೇ ಏನಾದರೂ ಮಾಡಬಹುದೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಘಟ್ಟದ ಕೆಳಗಿನವ

ತಪ್ಪು ತಿಳಿಯಬೇಡಿ ತಂಗಿ. ನಮ್ಮ ಕಡೆ ಇಂಥವರಿಗೆ ಒಂದು ಮದುವೆ ಅಂತ ಮಾಡಿಬಿಡುತ್ತಾರೆ. ಜವಾಬ್ದಾರಿ ಬಂದರೆ ತಾನಾಗೇ ಏಳುತ್ತಾರೆ.

ಹುಬ್ಬಳ್ಳಿ ಅಕ್ಕ

ಅಣ್ಣಾರ, ಹಂಗ ಹೇಳಬ್ಯಾಡ್ರಿ. ಮದುವಿ ಔಷಧ ಅಲ್ರಿ. ಮುಚ್ಚಿಟ್ಟು ಮಾಡಿದ ಮದುವಿಯಿಂದ ಎರಡು ಮನಿ ಕಣ್ಣೀರಾಗ ಮುಳುಗಿದ್ದನ್ನ ನಾ ಕಣ್ಣಾರೆ ನೋಡೀನಿ. ಮೊದಲ ಆ ಹುಡುಗ ತನ್ನ ಕಾಲ ಮ್ಯಾಲೆ ತಾ ನಿಲ್ಲಲಿ. ಆಮೇಲೆ ಮದುವಿ ಬೇಕಂದ್ರ ಹೆಣ್ಣಿನವರಿಗೆ ಎಲ್ಲಾ ಬಿಚ್ಚಿ ಹೇಳಿ ಮಾಡ್ರಿ, ಆಗ ಯಾರೂ ಬ್ಯಾಡ ಅನ್ನಂಗಿಲ್ಲ.

ಬಯಲುಸೀಮೆ ಪಿಎಸ್‌ಡಬ್ಲ್ಯು

ನಾನು ಸರ್ಕಾರಿ ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಓಪಿಡಿಯಲ್ಲಿ ಇದನ್ನೆಲ್ಲ ಹೇಳೋಕೆ ಸಮಯವೇ ಸಿಗೋದಿಲ್ಲ.

ನಿಮ್ಮ ಅಣ್ಣನದು ಸೋಮಾರಿತನ ಅಲ್ಲ. ಈ ಕಾಯಿಲೆಯಲ್ಲಿ ಇಲ್ಲದ್ದು ಬಂದು ಸೇರಿಕೊಳ್ಳುತ್ತದೆ: ದನಿ, ಅನುಮಾನ, ಅಸಂಬದ್ಧ ಮಾತು. ಇದ್ದದ್ದು ಕಳೆದೂ ಹೋಗುತ್ತದೆ: ಉಮೇದು, ಮಾತು, ನಗು, ಒಂದು ಕೆಲಸಕ್ಕೆ ತಾನಾಗಿ ಕೈಹಾಕುವ ಶಕ್ತಿ. ಈಗಿರುವ ಔಷಧಿಗಳು ಮೊದಲನೆಯದನ್ನು ಚೆನ್ನಾಗಿ ತಗ್ಗಿಸುತ್ತವೆ, ಎರಡನೆಯದನ್ನು ಅಷ್ಟು ಸುಲಭಕ್ಕೆ ತುಂಬಿಕೊಡೋದಿಲ್ಲ. ಅದರ ಮೇಲೆ ಕೆಲವು ಮಾತ್ರೆಗಳ ಮಂಪರು ಇರಬಹುದು, ಖಿನ್ನತೆಯೂ ಸೇರಿಕೊಂಡಿರಬಹುದು. ಹಾಗಾಗಿ ಮುಂದಿನ ಸಲ ಡಾಕ್ಟರ ಮುಂದೆ "ಪರವಾಗಿಲ್ಲ ಸಾರ್" ಅಂದು ಎದ್ದುಬರಬೇಡಿ. ಎಷ್ಟು ಹೊತ್ತಿಗೆ ಏಳುತ್ತಾನೆ, ಎಷ್ಟು ಹೊತ್ತು ಮಲಗುತ್ತಾನೆ, ಯಾರ ಜೊತೆ ಮಾತಾಡುತ್ತಾನೆ, ಒಂದು ವಾರದ್ದು ಹಾಳೆಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. ಮಾತ್ರೆ ಬದಲಿಸುವ, ಹೊತ್ತು ಬದಲಿಸುವ ದಾರಿ ಅವರಿಗೆ ಕಾಣುತ್ತದೆ. ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ.

ಇನ್ನು ಅಪ್ಪಯ್ಯ, ಅಮ್ಮನ ವಿಚಾರ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮನೆಯಲ್ಲಿ ಸದಾ ಟೀಕೆ, ಹಗೆತನ, ಇಲ್ಲವೇ ಉಸಿರು ಕಟ್ಟಿಸುವಷ್ಟು ಕಾಳಜಿ ಇದ್ದ ಕಡೆ ಕಾಯಿಲೆ ಹೆಚ್ಚು ಮರುಕಳಿಸುತ್ತಿತ್ತು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಇದೇ ಕಂಡಿತು. ಹಾಗಂತ ತಂದೆತಾಯಿಯಿಂದಲೇ ಕಾಯಿಲೆ ಬಂತು ಅಂತ ಅಲ್ಲ, ಅದು ಹಳೆಯ ಕಾಲದ ಕ್ರೂರವಾದ ತಪ್ಪು ತಿಳಿವಳಿಕೆ. ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ, ಅಷ್ಟೇ. ಅಪ್ಪಯ್ಯ ಬೈಯುವುದೂ ಅಮ್ಮ ತುತ್ತು ಮಾಡಿ ಕೊಡುವುದೂ ಒಂದೇ ದುಃಖದಿಂದ ಹುಟ್ಟಿದ್ದು.

ಕೇಂದ್ರಕ್ಕೆ ಬಿಡೋದೋ ಬೇಡವೋ? ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಪರಂಪರೆಯೇ ಇದೆ. ಬೆಂಗಳೂರಿನ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ 1964ರಷ್ಟು ಹಿಂದೆಯೇ ಶುರುವಾದದ್ದು. ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆ, ಅಂದರೆ ಹಾಫ್‌ವೇ ಹೋಮ್ ಅನ್ನು ದೇಶದಲ್ಲಿ ಮೊದಲು ನಡೆಸಿದವರಲ್ಲಿ ಅವರೂ ಇದ್ದಾರೆ. 1986ರಿಂದ ರಿಚ್‌ಮಂಡ್ ಫೆಲೋಶಿಪ್ ಇದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮುದ್ರಣ, ಮೇಣದಬತ್ತಿ, ತೋಟಗಾರಿಕೆ, ಕಂಪ್ಯೂಟರ್ ಹೀಗೆ ಕೆಲಸ ಕಲಿಸುವ ಘಟಕಗಳಿವೆ. ಆದರೆ ಇಂಥ ಜಾಗ ದಾರಿಯ ನಡುವೆ ತಂಗುವುದಕ್ಕೆ, ಅಲ್ಲೇ ಉಳಿದುಬಿಡುವುದಕ್ಕಲ್ಲ. ಸೇರಿಸುವ ಮೊದಲು ಕೇಳಬೇಕಾದ್ದು: ಹೊರಗೆ ಹೋಗುವ ದಿನವನ್ನು ಮೊದಲ ದಿನವೇ ಯೋಚಿಸುತ್ತಾರಾ? ಮನೆಯವರನ್ನು ಕರೆದು ಮಾತಾಡಿಸುತ್ತಾರಾ? ಹಗಲೆಲ್ಲ ಟಿವಿ ಮುಂದೆ ಕೂರಿಸಿ ಹೊತ್ತು ಕಳೆಸುವ ಜಾಗವಾದರೆ ನಿಮ್ಮ ಮನೆಯ ಹಾಸಿಗೆಗೂ ಅದಕ್ಕೂ ವ್ಯತ್ಯಾಸ ಇಲ್ಲ. ಗೇಟಿಗೆ ಬೀಗ ಹಾಕಿ, ಫೋನ್ ಕೊಡದೆ ಇಟ್ಟುಕೊಳ್ಳುವ ಕಡೆ ಖಂಡಿತ ಬೇಡ.

ನೀವು ಇರುವ ಜಿಲ್ಲೆಯದೇ ಒಂದು ಉದಾಹರಣೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರ ಸುಮಾರಿಗೆ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸ ಶುರುಮಾಡಿದರು; ಆಮೇಲೆ ತುರುವೇಕೆರೆಯಲ್ಲೂ ಮಾಡಿದರು. ಚಿಕಿತ್ಸೆ ಸಿಕ್ಕ ಮೇಲೆ ಬಹಳಷ್ಟು ಜನ ತೋಟ, ಗದ್ದೆ, ಕೂಲಿ, ಮನೆಗೆಲಸ ಅಂತ ಏನಾದರೊಂದು ಮಾಡುತ್ತಿದ್ದರು. ಹಳ್ಳಿಯಲ್ಲಿ ಕೆಲಸಕ್ಕೆ ಇಂಟರ್‌ವ್ಯೂ ಇಲ್ಲ, ಎಂಟು ಗಂಟೆ ಕೂರಲೇಬೇಕು ಅಂತಿಲ್ಲ. ಅರ್ಧ ದಿನ ಮಾಡಿದರೂ ಯಾರೂ ಕೆಲಸದಿಂದ ತೆಗೆಯೋದಿಲ್ಲ. ನಿಮ್ಮ ಊರಿಗೆ ಇರುವ ಈ ಅನುಕೂಲ ಬೆಂಗಳೂರಿನ ಎಷ್ಟೋ ಮನೆಗಳಿಗೆ ಇಲ್ಲ.

ಎರಡನೇ ಪಾಳಿ

ನಾನೂ ಅದೇ ಕಾಯಿಲೆಯವನು. ಈಗ ಒಂದು ಪ್ಯಾಕಿಂಗ್ ಯೂನಿಟ್‌ನಲ್ಲಿ ಕೆಲಸದಲ್ಲಿದ್ದೇನೆ.

ಇಷ್ಟೂ ಬರಹ ಓದಿದೆ. ಮದುವೆ ಮಾಡಬೇಕೋ ಬೇಡವೋ, ಬೆಂಗಳೂರಿಗೆ ಕಳಿಸಬೇಕೋ ಬೇಡವೋ, ಎಲ್ಲರೂ ಹೇಳಿದ್ದೀರಿ. ಅವರನ್ನು ಯಾರಾದರೂ ಕೇಳಿದ್ದೀರಾ? ನನ್ನ ವಿಷಯದಲ್ಲಿ ಯಾರೂ ಕೇಳಿರಲಿಲ್ಲ. ಮನೆಯವರು ಡಾಕ್ಟರ ಹತ್ತಿರ ಮಾತಾಡುವಾಗ ನಾನು ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದೆ, "ಇವನು" "ಇವನು" ಅಂತ ನನ್ನ ಬಗ್ಗೆ ಮಾತು ನಡೆಯುತ್ತಿತ್ತು. ಹಗಲು ಹೊತ್ತು ಹೋಗಿಬರುವ ಡೇ ಕೇರ್ ಕೇಂದ್ರದಲ್ಲಿ ಒಬ್ಬ ಮೇಡಂ ಮೊದಲ ಸಲ "ನಿಮಗೆ ಏನು ಬೇಕು?" ಅಂದಾಗ ನನಗೆ ಉತ್ತರವೇ ಬರಲಿಲ್ಲ. ಅವರು ಕಾದರು. ಮರುವಾರ ಹೋಗಿ ಹೇಳಿದೆ: ಅಕ್ಕನ ಮಗಳಿಗೆ ಹುಟ್ಟುಹಬ್ಬಕ್ಕೆ ನನ್ನ ದುಡ್ಡಲ್ಲಿ ಏನಾದರೂ ಕೊಡಿಸಬೇಕು. ಅಲ್ಲಿಂದ ಶುರುವಾಯ್ತು.

ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಮಲಗಿರೋದು ಸುಖ ಅಲ್ಲ. ಎದ್ದರೆ ಮನೆಯವರ ಮುಖ ನೋಡಬೇಕು, ಅಕ್ಕಪಕ್ಕದವರು "ಈಗ ಹೇಗಿದ್ದೀಯಪ್ಪ" ಅಂತ ವಿಚಿತ್ರವಾಗಿ ದನಿ ತಗ್ಗಿಸಿ ಕೇಳುತ್ತಾರೆ. ಹಾಸಿಗೆಯಲ್ಲಿ ಅದೊಂದು ಇಲ್ಲ. ಓದಿದ್ದು, ಗೆಳೆಯರು, ಆ ವಯಸ್ಸು ಎಲ್ಲ ಹೋಯಿತಲ್ಲ ಅಂತ ಯೋಚನೆ ಬರುತ್ತದೆ. ದನಿ ಕೇಳಿಸುವಾಗ ಅದಕ್ಕೆ ಪುರುಸೊತ್ತಿರಲಿಲ್ಲ. ನಿಂತ ಮೇಲೆ ಇದೆಲ್ಲ ಬಂದು ಕೂತುಕೊಳ್ಳುತ್ತದೆ.

ಪಾಳಿಯ ವಿಷಯ: ನನಗೆ ರಾತ್ರಿ ಮಾತ್ರೆಯಿಂದ ಬೆಳಿಗ್ಗೆ ತಲೆ ಎತ್ತೋಕಾಗೋದಿಲ್ಲ. ಬೆಳಗಿನ ಪಾಳಿಯ ಕೆಲಸ ನಿಲ್ಲಲಿಲ್ಲ. ಡಾಕ್ಟರು ಮಾತ್ರೆಯ ಹೊತ್ತು ಸ್ವಲ್ಪ ಹಿಂದಕ್ಕೆ ತಂದರು, ಸೂಪರ್‌ವೈಸರು ಎರಡನೇ ಪಾಳಿ ಕೊಟ್ಟರು. ನನಗೆ ಬೇಕಾಗಿದ್ದು ಅಷ್ಟೇ ರಿಯಾಯಿತಿ.

ನಿವೃತ್ತ ಮೇಷ್ಟ್ರು, ಹಾಸನ

ಎರಡನೇ ಪಾಳಿಯವರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು.

"ಮನೆಯಲ್ಲೇ, ಊರಲ್ಲೇ" ಅನ್ನೋದು ಕೇಳೋಕೆ ಚೆಂದ. ಮನೆ ಅಂದರೆ ಯಾರು? ನಮ್ಮ ಮನೆಯಲ್ಲಿ ಅದು 71 ವರ್ಷದ ನಾನು ಮತ್ತು ಮಂಡಿನೋವಿನ ನನ್ನ ಹೆಂಡತಿ. ಮಗಳಿಗೆ 40. ಅವಳಿಗೆ ದನಿ ಇನ್ನೂ ನಿಂತಿಲ್ಲ, ಹಲವು ಔಷಧಿ ಆಯ್ತು. ಕೆಲಸಕ್ಕೆ ಹಚ್ಚಿ, ಅವಳ ಆಸೆ ಕೇಳಿ ಅನ್ನುವವರು ಮಧ್ಯರಾತ್ರಿ ಅವಳು ಬಾಗಿಲು ತೆಗೆದು ಹೊರಟಾಗ ನಮ್ಮ ಜೊತೆ ಇರೋದಿಲ್ಲ. ಸಮುದಾಯದಲ್ಲೇ ಪುನರ್ವಸತಿ ಅನ್ನೋದು ಸರ್ಕಾರ ತನ್ನ ಹೆಗಲ ಭಾರವನ್ನು ತಾಯಂದಿರ ಹೆಗಲಿಗೆ ದಾಟಿಸುವ ಉಪಾಯ ಆಗಬಾರದು. ನನಗೂ ನನ್ನವಳಿಗೂ ಇರುವ ಚಿಂತೆ ಒಂದೇ, ನಾವು ಹೋದ ಮೇಲೆ ಅವಳು ಎಲ್ಲಿರಬೇಕು? ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ ಅನ್ನುವ ಭರವಸೆ ನನಗಿಲ್ಲ. ದೀರ್ಘಕಾಲ ಇಟ್ಟುಕೊಳ್ಳುವ ಒಳ್ಳೆಯ ಕಡೆಗಳ ತಿಂಗಳ ಖರ್ಚು ನನ್ನ ಪಿಂಚಣಿಗೆ ನಿಲುಕೋದಿಲ್ಲ.

ಬಯಲುಸೀಮೆ ಪಿಎಸ್‌ಡಬ್ಲ್ಯು

ಮೇಷ್ಟ್ರೇ, ನೀವು ಹೇಳಿದ್ದು ಪೂರ್ತಿ ಸರಿ. ಇದಕ್ಕೆ ಸುಲಭದ ಉತ್ತರ ಕೊಟ್ಟರೆ ನಿಮಗೆ ಅನ್ಯಾಯ.

ಕಾನೂನಿನಲ್ಲಿ ಉತ್ತರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮಿನ ಪ್ರಕಾರ ಹಾಫ್‌ವೇ ಹೋಮ್, ಆಸರೆಯ ವಸತಿ, ಮನೆಗೇ ಬಂದು ಮಾಡುವ ಪುನರ್ವಸತಿ ಇವನ್ನೆಲ್ಲ ಒದಗಿಸುವುದು ಸರ್ಕಾರದ ಕರ್ತವ್ಯ. 19ನೇ ಕಲಮು, ಮನೆಯವರು ಬಿಟ್ಟರು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತದೆ. ಕಾಗದದ ಮೇಲಿನ ಈ ಹಕ್ಕಿಗೂ ಜಿಲ್ಲೆಗಳಲ್ಲಿ ನಿಜವಾಗಿ ಸಿಗುವ ಹಾಸಿಗೆಗಳಿಗೂ ಇರುವ ಅಂತರ ನೋಡಿ ನನಗೆ ದಿನಾ ಸಿಟ್ಟು ಬರುತ್ತದೆ. ಕೇಳುವವರು ಒಟ್ಟಾಗಿಲ್ಲ ಅನ್ನುವುದೂ ಒಂದು ಕಾರಣ. ಬೆಂಗಳೂರಿನಲ್ಲಿ ಅಮೆಂಡ್ ಅಂತ ಮನೆಯವರೇ ಕಟ್ಟಿಕೊಂಡ ಸಂಘ ಇದೆ. ಜಿಲ್ಲೆಗೊಂದು ಹಾಗೆ ಬೇಕು.

ದೊಡ್ಡ ಕಟ್ಟಡಗಳೇ ಬೇಕೆಂದಿಲ್ಲ ಅಂತ ತೋರಿಸಿದವರೂ ಇದ್ದಾರೆ. 1993ರಲ್ಲಿ ಚೆನ್ನೈನಲ್ಲಿ ಇಬ್ಬರು ಯುವತಿಯರು, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್, ಶುರುಮಾಡಿದ ಬ್ಯಾನಿಯನ್ ಸಂಸ್ಥೆ ಈಗ 'ಹೋಮ್ ಅಗೇನ್' ಅಂತ ನಡೆಸುತ್ತಿದೆ. ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಬಿಟ್ಟ ಹೆಂಗಸರು ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಬಾಡಿಗೆ ಮನೆಯಲ್ಲಿರುತ್ತಾರೆ. ನೆರವಿಗೆ ಒಬ್ಬರು ಸಹಾಯಕಿ. ಅಡುಗೆ ಏನು ಅಂತ ಅವರೇ ನಿರ್ಧರಿಸುತ್ತಾರೆ, ಪೇಟೆಗೆ ಹೋಗುತ್ತಾರೆ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾರೆ. ನಿಮ್ಮ ಮಗಳಂಥವರಿಗೆ ಹಾಸನದಲ್ಲೇ ಇಂಥ ಒಂದು ಮನೆ ಇರಬೇಕು ಅನ್ನುವುದು ಅತಿಯಾಸೆ ಅಲ್ಲ.

ಈಗಲೇ ಮಾಡಬಹುದಾದ್ದು: ಪಿಂಚಣಿ ಇದ್ದರೆ, ದುಡಿದು ಬದುಕಲಾಗದ ಅಂಗವೈಕಲ್ಯದ ಮಕ್ಕಳಿಗೆ ಕುಟುಂಬ ಪಿಂಚಣಿ ಸಿಗುವ ನಿಯಮವನ್ನು ಖಜಾನೆಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರಿ ನೌಕರರ ನಿಯಮಗಳಲ್ಲಿ ಮಾನಸಿಕ ಕಾಯಿಲೆಗೂ ಇದು ಅನ್ವಯಿಸುತ್ತದೆ. ನೀವು ಇರುವಾಗಲೇ ಮಗಳ ಹೆಸರನ್ನು ದಾಖಲೆಗೆ ಸೇರಿಸುವುದು ಒಳ್ಳೆಯದು. ದನಿ ನಿಲ್ಲದಿದ್ದರೆ ಕ್ಲೋಜಪಿನ್ ಅನ್ನುವ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ. ಎರಡು ಔಷಧಿ ಸರಿಯಾಗಿ ಕೊಟ್ಟೂ ಫಲಿಸದವರಿಗೆ ಅದೇ ಮುಂದಿನ ಹೆಜ್ಜೆ. ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು, ಅದಕ್ಕೆ ಹೆದರಿ ಎಷ್ಟೋ ಕಡೆ ಶುರುಮಾಡೋದೇ ಇಲ್ಲ.

ನಿರ್ವಾಹಕರು

ಔಷಧಿಯ ಪ್ರಮಾಣ ಇಲ್ಲಿ ಯಾರೂ ಬರೆಯಬೇಡಿ, ಕೇಳಲೂಬೇಡಿ. ತಕ್ಷಣ ಮಾತಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹುಬ್ಬಳ್ಳಿ ಅಕ್ಕ

ಮೇಷ್ಟ್ರ, ಹೆಣ್ಣುಮಕ್ಕಳ ವಿಷಯ ತೆಗೆದ್ರಿ, ಅದಕ್ಕ ಮತ್ತ ಬರ್ಯಾಕತ್ತೀನಿ. ನಮ್ಮ ತಂಗಿಗೆ ಬಾಣಂತನದಾಗ ಶುರು ಆತ್ರಿ. ಗಂಡನ ಮನಿಯವರು ತವರಿಗೆ ತಂದು ಬಿಟ್ಟು ಹೋದವರು ತಿರುಗಿ ನೋಡಲಿಲ್ಲ, ಕೂಸನ್ನೂ ಇಟ್ಟುಕೊಂಡ್ರು. ಗಂಡಸಿಗೆ ಕಾಯಿಲೆ ಬಂದ್ರ ಹೆಂಡತಿ ಮಾಡತಾಳ, ಹೆಂಡತಿಗೆ ಬಂದ್ರ ತವರಿನ ದಾರಿ ತೋರಸತಾರ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ.

ಧಾರವಾಡದ ಡಿಮ್ಹಾನ್ಸ್‌ದಾಗ ತೋರಿಸಿ ಆರಾಮ ಆದಳು. ಮನ್ಯಾಗ ಕುಂತ್ರ ಕೂಸಿನ ಚಿಂತಿ. ನಮ್ಮ ಓಣಿ ಸ್ತ್ರೀಶಕ್ತಿ ಸಂಘದಾಗ ರೊಟ್ಟಿ ಬಡಿದು ಖಾನಾವಳಿಗೆ ಕೊಡತಾರ. ಅವಳನ್ನ ಕರಕೊಂಡು ಹೋಗಿ ಕುಂದ್ರಿಸಿದೆ. ಮೊದಲ ಬರೇ ಹಿಟ್ಟು ನಾದತಿದ್ಲು, ಯಾರ ಕೂಡಾನೂ ಮಾತಿಲ್ಲ. ಅವರಿಗೆ ನಾ ಒಂದ ಹೇಳಿದ್ದೆ: "ಪಾಪ ಅನಬ್ಯಾಡ್ರಿ, ಉಳಿದವರಿಗೆ ಹೆಂಗ ಹೇಳ್ತೀರಿ ಹಂಗ ಹೇಳ್ರಿ." ಈಗ ಲೆಕ್ಕದ ಪುಸ್ತಕ ಅವಳ ಕಡೆ ಐತಿ. ಕೂಸು ಇನ್ನೂ ಸಿಕ್ಕಿಲ್ಲ, ಕಾನೂನು ಸೇವಾ ಪ್ರಾಧಿಕಾರದಾಗ ಅರ್ಜಿ ಹಾಕೀವಿ.

ತುಮಕೂರು ಕಡೆಯ ವಿಆರ್‌ಡಬ್ಲ್ಯು

ನಾನು ಗ್ರಾಮ ಪಂಚಾಯ್ತಿ ಮಟ್ಟದ ಪುನರ್ವಸತಿ ಕಾರ್ಯಕರ್ತ. ನಮ್ಮಂಥವರು ಇದ್ದೀವಿ ಅನ್ನೋದೇ ಎಷ್ಟೋ ಮನೆಗೆ ಗೊತ್ತಿಲ್ಲ. ಕಾಲಿಲ್ಲದವರು, ಕಣ್ಣಿಲ್ಲದವರು ಬಂದು ಕೇಳ್ತಾರೆ, ಮಾನಸಿಕ ಕಾಯಿಲೆಯವರ ಮನೆಯವರು ಬರೋದು ಕಡಿಮೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಮಾನಸಿಕ ಕಾಯಿಲೆಯೂ ಒಂದು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ಹಾಕಿದ ಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡ್ತಾರೆ. ಐಡಿಯಾಸ್ ಅನ್ನೋ ಅಳತೆಯಲ್ಲಿ ನಾಲ್ಕು ವಿಷಯ ನೋಡ್ತಾರೆ: ತನ್ನ ಆರೈಕೆ ತಾನು ಮಾಡಿಕೊಳ್ಳೋದು, ಜನರ ಜೊತೆ ಒಡನಾಟ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದೂ ಸೇರುತ್ತೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೌಲಭ್ಯ. ಅಲ್ಲಿ ಮಾನ ಹೋಗುತ್ತೆ ಅಂತ "ಎಲ್ಲ ಅವನೇ ಮಾಡ್ಕೊಳ್ತಾನೆ" ಅಂದುಬಿಟ್ಟರೆ ಶೇಕಡಾ ಬರೋದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ. ಹಳೆಯ ಚೀಟಿ, ಡಿಸ್ಚಾರ್ಜ್ ಕಾಗದ ಒಂದೂ ಬಿಸಾಕಬೇಡಿ.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. ಶಿವಮೊಗ್ಗದವರೆಗೆ ಓಡಾಡೋ ಖರ್ಚು ಉಳಿಯುತ್ತೆ. ಡೇ ಕೇರ್ ಬೇಕಾದರೆ ಸರ್ಕಾರದ ಮಾನಸಧಾರ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ನಡೀತಿದೆ ಅಂತ ಜಿಲ್ಲಾ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ.

ಘಟ್ಟದ ಕೆಳಗಿನವ

ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಜೀವಮಾನವಿಡೀ ಹಣೆಪಟ್ಟಿ ಆಗೋದಿಲ್ಲವಾ? ನಾಳೆ ಕೆಲಸಕ್ಕೆ ತೊಂದರೆ?

ಎರಡನೇ ಪಾಳಿ

ನಾನು ಮಾಡಿಸಿದ್ದೇನೆ. ಅದನ್ನು ಎಲ್ಲಿ ತೋರಿಸಬೇಕು, ಎಲ್ಲಿ ಬೇಡ ಅನ್ನೋದು ನನ್ನ ಕೈಯಲ್ಲಿದೆ. ಕೆಲಸದ ಕಡೆ ಸೂಪರ್‌ವೈಸರೊಬ್ಬರಿಗೆ ಮಾತ್ರ ಗೊತ್ತು. ಹೇಳದೆ ಸೇರಿದ್ದ ಹಿಂದಿನ ಕೆಲಸದಲ್ಲಿ ಆಸ್ಪತ್ರೆಗೆ ರಜೆ ಕೇಳುವಾಗೆಲ್ಲ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

ಸಾಗರದ ತಂಗಿ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಈ ವಾರ ಊರಿಗೆ ಹೋದಾಗ ಅಣ್ಣನನ್ನು ಕೆರೆ ಏರಿ ಮೇಲೆ ನಡೆಯೋಕೆ ಕರೆದುಕೊಂಡು ಹೋಗಿ ಕೇಳಿದೆ. "ಅಣ್ಣ, ಪಂಪ್‌ಸೆಟ್ ಕೆಲಸ ಮತ್ತೆ ಮಾಡೋ ಮನಸ್ಸಿಲ್ವಾ?" ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳು ನಡುಗುತ್ತವೆ. "ಈ ಕೈಲಿ ಕರೆಂಟ್ ಮುಟ್ಟಿದ್ರೆ ಸಾಯ್ತೀನಿ ಕಣೆ" ಅಂದ. ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಅಪ್ಪಯ್ಯನಿಗೆ ಹೇಳಿದೆ. ಅವರು ಏನೂ ಮಾತಾಡದೆ ತೋಟಕ್ಕೆ ಎದ್ದುಹೋದರು. ಈ ನಡುಕ ಮಾತ್ರೆಯಿಂದ ಬಂದಿದ್ದಾ?

ಬಯಲುಸೀಮೆ ಪಿಎಸ್‌ಡಬ್ಲ್ಯು

ಇರಬಹುದು. ಈ ಗುಂಪಿನ ಎಷ್ಟೋ ಔಷಧಿಗಳಿಂದ ಕೈ ನಡುಕ, ಮೈ ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತವೆ. ಡಾಕ್ಟರಿಗೆ ಗೊತ್ತಾದರೆ ಪರಿಹಾರ ಇದೆ. ಬೇರೆ ಕಾರಣ ಇದೆಯಾ ಅಂತಲೂ ಅವರೇ ನೋಡಬೇಕು. ಮುಂದಿನ ತಾರೀಖಿನವರೆಗೆ ಕಾಯದೆ ಈ ಮಂಗಳವಾರವೇ ಹೋಗಿ, ಅಣ್ಣನ ಬಾಯಿಂದಲೇ ಹೇಳಿಸಿ. ಜೊತೆಗೆ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಈ ಕಾಯಿಲೆ ಇರುವವರು ಬೇರೆಯವರಿಗಿಂತ ಬೇಗ ಸಾಯುವುದರಲ್ಲಿ ಹೃದಯ, ಸಕ್ಕರೆ ಕಾಯಿಲೆಗಳ ಪಾಲು ದೊಡ್ಡದು.

ಕೆಲಸದ ವಿಷಯದಲ್ಲಿ ಒಂದು ಮಾತು. "ಮೊದಲು ಪೂರ್ತಿ ಗುಣ ಆಗಲಿ, ಆಮೇಲೆ ಕೆಲಸ" ಅಂತ ಕಾಯುವ ಪದ್ಧತಿಯನ್ನು ಅಮೆರಿಕದಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ 1990ರ ದಶಕದಲ್ಲಿ ತಿರುಗಿಸಿ ಹಾಕಿದರು. ಮನಸ್ಸಿದ್ದವರನ್ನು ನೇರ ಮಾಮೂಲಿ ಕೆಲಸಕ್ಕೇ ಸೇರಿಸಿ, ಅಲ್ಲಿ ಬೆನ್ನಿಗೆ ಒಬ್ಬರು ನಿಲ್ಲುವುದು. ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕಳಿಸುವುದಕ್ಕಿಂತ ಇದರಲ್ಲಿ ಕೆಲಸ ಸಿಕ್ಕವರು ಹೆಚ್ಚು. ನಮ್ಮಲ್ಲಿ ಬೆನ್ನಿಗೆ ನಿಲ್ಲಲು ಡಿಗ್ರಿಯವರೇ ಬೇಕೆಂದಿಲ್ಲ. ಗೋವಾ, ಸಾತಾರಾ, ತಮಿಳುನಾಡುಗಳಲ್ಲಿ ತರಬೇತಿ ಪಡೆದ ಊರಿನ ಕಾರ್ಯಕರ್ತರು ಮನೆಗೆ ಹೋಗಿ ಮಾಡಿದ ಕೆಲಸದ ಪ್ರಯೋಗ 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೀ ಆಸ್ಪತ್ರೆಯ ಚಿಕಿತ್ಸೆಗಿಂತ ಸುಧಾರಣೆ ಹೆಚ್ಚು ಕಂಡಿತು. ಪವಾಡ ಏನಲ್ಲ, ಸಾಧಾರಣ ಮಟ್ಟದ್ದು. ಆದರೆ ನಿಜವಾದದ್ದು. ಕರೆಂಟ್ ಇಲ್ಲದೆ ಮಾಡುವ ಎಲೆಕ್ಟ್ರಿಕ್ ಕೆಲಸ ಇಲ್ಲವೇ? ಮೋಟಾರ್ ಬಿಚ್ಚೋದು, ಬೇರಿಂಗ್ ಬದಲಿಸೋದು, ಒರೆಸಿ ಜೋಡಿಸೋದು?

ಸಾಗರದ ತಂಗಿ

ಡಾಕ್ಟರನ್ನು ನೋಡಿ ಬಂದೆವು. ನಡುಕ ಮಾತ್ರೆಯದೇ ಅಂದರು, ಔಷಧಿ ಸ್ವಲ್ಪ ಬದಲಾಗಿದೆ. ಪೂರ್ತಿ ಹೋಗಿಲ್ಲ, ಆದರೆ ಲೋಟ ಹಿಡಿದರೆ ಈಗ ಚೆಲ್ಲೋದಿಲ್ಲ.

ಅಣ್ಣ ಐಟಿಐನಲ್ಲಿದ್ದಾಗ ಕೈ ಪಳಗಿಸಿದ್ದ ಮೋಟಾರ್ ವೈಂಡಿಂಗ್ ಅಂಗಡಿ ಪೇಟೆಯಲ್ಲಿದೆ. ಅಂಗಡಿಯವರಿಗೆ ಕಾಯಿಲೆ ವಿಷಯ ಹೇಳಬಹುದಾ ಅಂತ ಅಣ್ಣನನ್ನೇ ಕೇಳಿದೆ, "ಹೇಳು" ಅಂದ. ಅವರು ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಬರಲಿ, ಮೋಟಾರ್ ಬಿಚ್ಚಿ ತಂತಿ ತೆಗೆಯೋ ಕೆಲಸ ಕೊಡ್ತೀನಿ ಅಂದಿದ್ದಾರೆ. ಒಂದೊಂದು ದಿನ ಹೋಗ್ತಾನೆ, ಒಂದೊಂದು ದಿನ ಮಲಗಿಬಿಡ್ತಾನೆ. ಬಸ್ ಸ್ಟ್ಯಾಂಡಿನವರೆಗೆ ಅಪ್ಪಯ್ಯ ಬೈಕಲ್ಲಿ ಬಿಟ್ಟು ಬರ್ತಾರೆ. ಬೈಯೋದು ಪೂರ್ತಿ ನಿಂತಿಲ್ಲ.

ಒಂದು ಪ್ರಶ್ನೆ. ಸದ್ಯಕ್ಕೆ ಸಂಬಳ ಬೇಡ, ಅಭ್ಯಾಸ ಆಗಲಿ ಸಾಕು ಅಂತ ಅಪ್ಪಯ್ಯ ಅಂಗಡಿಯವರಿಗೆ ಹೇಳಿಬಿಟ್ಟಿದ್ದಾರೆ. ಸರೀನಾ?

ಎರಡನೇ ಪಾಳಿ

ಸರಿಯಲ್ಲ. ಎರಡು ಗಂಟೆಗೆ ಎಷ್ಟಾಗುತ್ತೋ ಅಷ್ಟು ಕೊಡಲಿ, ವಾರಕ್ಕೊಮ್ಮೆ, ಅಣ್ಣನ ಕೈಗೇ ಕೊಡಲಿ. ಅವರು ಅದನ್ನು ಬೀಡಿಗೆ ಖರ್ಚು ಮಾಡಿದರೂ ಮೊದಲ ಸಲ ಲೆಕ್ಕ ಕೇಳಬೇಡಿ. ಹೋಗದ ದಿನದ್ದು ಕೊಡೋದು ಬೇಡ, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಅಪ್ಪಯ್ಯನಿಗೆ ಹೇಳೋಕೆ ನಿಮಗೆ ಕಷ್ಟ ಆದರೆ ಅಂಗಡಿಯವರ ಬಾಯಿಂದಲೇ ಹೇಳಿಸಿ.

ತುಮಕೂರು ಕಡೆಯ ವಿಆರ್‌ಡಬ್ಲ್ಯು

ಅಣ್ಣನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಈಗಲೇ ತೆರೆಸಿ, ಆಧಾರ್ ಜೋಡಿಸಿ. ಕಾರ್ಡ್ ಬಂದ ಮೇಲೆ ಮಾಸಾಶನ ಮಂಜೂರಾದರೆ ಅದೂ ಅಲ್ಲಿಗೇ ಬರುತ್ತೆ. ಅರ್ಜಿ ತುಂಬುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಇಲ್ಲ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು ಹತ್ತಿರ ಹೋಗಿ.